ಕೀಲಿ ಕೊಡುವ ಕೈ



ಬ್ರಿಟಿಷರ ಕಾಲದ ಆಳೆತ್ತರದ ಮರದ ಗಡಿಯಾರವನ್ನು ನೀವು ಚಿತ್ರದಲ್ಲಾದರೂ ಕಂಡಿರಬಹುದು. 1656ರಲ್ಲಿ ಹಾಲೆಂಡಿನ ಹೈಗನ್ಸ್ ಲೋಲಕದ ಗಡಿಯಾರವನ್ನು ರೂಪಿಸಿದನು. ಇಂಗ್ಲೆಂಡಿನ ಕುಶಲಕರ್ಮಿಗಳು ಸುಮಾರು ಒಂದು ಮೀಟರ್ ಉದ್ದದ ಲೋಲಕವಿಟ್ಟು ಅದಕ್ಕೆ ಎತ್ತರದ ಪೆಟ್ಟಿಗೆ ಕಟ್ಟಿದರು. ಅದನ್ನು ನಡೆಸುವುದು ಒಳಗೆ ತೂಗುವ ಭಾರದ ಗುಂಡು. ಗುಂಡು ಇಳಿದಂತೆ ಮುಳ್ಳು ಚಲಿಸುತ್ತದೆ. ಎಂಟು ದಿನದ ಗಡಿಯಾರವಾದರೆ ಅಷ್ಟರಲ್ಲಿ ಗುಂಡು ತಳ ಮುಟ್ಟಿ, ಗಡಿಯಾರ ನಿಲ್ಲುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಕೀಲಿ ಕೊಡಬೇಕು. ತನಗೆ ತಾನೇ ಕೀಲಿ ಕೊಟ್ಟುಕೊಳ್ಳಲು ಅದಕ್ಕೆ ಬಾರದು.

ಬಿಸಿಲಿಗೂ ಅದು ಬಳಲುತ್ತದೆ. ಲೋಲಕದ ಕಬ್ಬಿಣದ ಸರಳು 20 ಡಿಗ್ರಿ ಹೆಚ್ಚು ಕಾದರೆ ಹಿಗ್ಗುತ್ತದೆ. ಗಡಿಯಾರ ದಿನಕ್ಕೆ ಸುಮಾರು 10 ಸೆಕೆಂಡು ಹಿಂದೆ ಬೀಳುತ್ತದೆ. ಹಾಗೆಂದು ಯಾರೂ ಅದನ್ನು ಬೈಯುವುದಿಲ್ಲ.

ಬಳ್ಳಾರಿಯ ಓಣಿಗಳಲ್ಲಿ, ಸಿರುಗುಪ್ಪದಲ್ಲಿ, ಕುರುಗೋಡಿನಲ್ಲಿ ಹಾಸಿಗೆ ಹಿಡಿದ ಹಿರಿಯರ ಆರೈಕೆ ಮಾಡುವ ಸೊಸೆಯನ್ನು, ಮಗಳನ್ನು ನೆನೆಯಿರಿ. ಆಕೆಯ ಭಾರದಿಂದಲೇ ಮನೆ ನಡೆಯುತ್ತದೆ. ಆಕೆ ತಡಮಾಡಿದರೆ ಗದರುತ್ತೇವೆ. ಆದರೆ ಎಷ್ಟು ಭಾನುವಾರಗಳಿಂದ ಆಕೆ ಬಲಿಪೂಜೆಗೆ ಬಂದಿಲ್ಲವೆಂದು ಎಣಿಸಿದ್ದೀರಾ?

ಯೇಸುಸ್ವಾಮಿ ಹೊರೆ ಹೊತ್ತವರನ್ನು ತಮ್ಮ ಬಳಿಗೆ ಕರೆದರು. ಬರುವ ಭಾನುವಾರ ನೀವು ಮೊದಲ ಪೂಜೆಗೆ ಬನ್ನಿರಿ. ಎರಡನೆಯ ಪೂಜೆಯ ಹೊತ್ತಿಗೆ ಆ ಹಾಸಿಗೆಯ ಬಳಿ ನೀವು ಕುಳಿತು, ಆಕೆಯನ್ನು ಕಳುಹಿಸಿರಿ.