ವಿಧಿ, ಧರ್ಮ ಮತ್ತು ಒಂದು ಫ್ರೀ ಕಿಕ್

ಕನ್ನಡದಲ್ಲಿ 'ವಿಧಿ' ಎಂಬ ಪದ ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ವೇದವಾಕ್ಯಗಳ ಅರ್ಥನಿರ್ಣಯವನ್ನೇ ಮುಖ್ಯ ಕೆಲಸವಾಗಿಸಿಕೊಂಡ ಮೀಮಾಂಸಾ ದರ್ಶನದಲ್ಲಿ ಅದು 'ಹೀಗೆ ಮಾಡತಕ್ಕದ್ದು' ಎಂದು ಕಟ್ಟುಮಾಡುವ ವಾಕ್ಯವಾದರೆ, ಮನೆಮಾತಿನಲ್ಲಿ ಅದು ಹಣೆಬರಹ. ಫುಟ್‌ಬಾಲ್ ಆಟಕ್ಕೆ ಮೊದಲನೆಯ ಅರ್ಥದ ವಿಧಿಗಳು 17 ಇವೆ. 1886ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮಂಡಳಿಯೊಂದು ಅವುಗಳನ್ನು ಇಂದಿಗೂ ಕಾಯ್ದುಕೊಂಡು, ತಿದ್ದಿಕೊಂಡು ಬರುತ್ತಿದೆ. ಈ ವಿಧಿಗಳನ್ನು ಅಕ್ಷರಶಃ ಪಾಲಿಸಿ ಗೆದ್ದವನು ಧರ್ಮವನ್ನೂ ಪಾಲಿಸಿದಂತಾಯಿತೇ ಎಂಬ ಪ್ರಶ್ನೆ ಹಳೆಯದಾದರೂ, 2023ರಲ್ಲಿ ಅದು ಕರ್ನಾಟಕದ ನೆಲದಲ್ಲಿಯೇ, ಸಾವಿರಾರು ಜನರ ಕಣ್ಣೆದುರಿನಲ್ಲಿ, ತಪ್ಪಿಸಿಕೊಳ್ಳಲಾಗದಂತೆ ಎದುರಾಯಿತು.

ಆ ವರ್ಷದ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳ ನಡುವೆ ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯ, ಎಂದರೆ ಸೋತವರು ಅಲ್ಲಿಗೇ ಹೊರಬೀಳುವ ಪಂದ್ಯ, ನಡೆಯಿತು. 90 ನಿಮಿಷಗಳಲ್ಲಿ ಯಾರೂ ಗೋಲು ಹೊಡೆಯದೆ ಆಟ ಹೆಚ್ಚುವರಿ ಅವಧಿಗೆ ಸಾಗಿ, 96ನೇ ನಿಮಿಷದಲ್ಲಿ ಬೆಂಗಳೂರಿಗೆ ಒಂದು ಫ್ರೀ ಕಿಕ್ ದೊರೆಯಿತು. ಎದುರಾಳಿ ತಪ್ಪೆಸಗಿದಾಗ ಅದಕ್ಕೆ ಪರಿಹಾರವಾಗಿ ನಿಂತ ಚೆಂಡನ್ನು ಒದೆಯಲು ಕೊಡುವ ಅವಕಾಶವೇ ಫ್ರೀ ಕಿಕ್. ಕೇರಳದ ಗೋಲ್‌ಕೀಪರ್ ತನ್ನ ಆಟಗಾರರನ್ನು ಗೋಡೆಯಂತೆ ಸಾಲಾಗಿ ನಿಲ್ಲಿಸುವುದರಲ್ಲಿದ್ದಾಗಲೇ ಬೆಂಗಳೂರಿನ ಆಟಗಾರ ಸುನಿಲ್ ಚೆಟ್ರಿ ಶಿಳ್ಳೆಗೆ ಕಾಯದೆ ಚೆಂಡನ್ನು ಒದ್ದರು. ಅದು ಕಾವಲಿಲ್ಲದ ಗೋಲಿನೊಳಗೆ ಹೋಯಿತು. ರೆಫರಿ ಕ್ರಿಸ್ಟಲ್ ಜಾನ್ ಗೋಲನ್ನು ಮಾನ್ಯ ಮಾಡಿದರು. ಕೇರಳದ ತರಬೇತುದಾರ ಇವಾನ್ ವುಕೊಮನೋವಿಚ್ ತಮ್ಮ ತಂಡವನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು, ಅವರು ಮರಳಿ ಬರಲಿಲ್ಲ, ಬೆಂಗಳೂರು 1-0ಯಿಂದ ಗೆದ್ದಿತೆಂದು ಘೋಷಣೆಯಾಯಿತು.

ಈ ವಿಚಾರ ರಾಜಧಾನಿಗೆ ಸೇರಿದಷ್ಟೇ ಬಳ್ಳಾರಿ ಸೀಮೆಗೂ ಸೇರಿದ್ದು. ಬೆಂಗಳೂರು ಎಫ್‌ಸಿಯನ್ನು 2013ರಲ್ಲಿ ಕಟ್ಟಿದ ಜೆಎಸ್‌ಡಬ್ಲ್ಯು ಸಂಸ್ಥೆಯ ಉಕ್ಕಿನ ಕಾರ್ಖಾನೆ ತೋರಣಗಲ್ಲಿನಲ್ಲಿದೆ. ಅಲ್ಲಿಯೇ 2018ರಲ್ಲಿ ತೆರೆದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ತರಬೇತಿ ಕೇಂದ್ರದ ಆವರಣದಲ್ಲಿ ಕ್ಲಬ್ಬಿನ ಎಳೆಯ ಆಟಗಾರರು ಉಳಿದು ಕಲಿತಿದ್ದಾರೆ. ಆದರೆ ಗೆಲುವು ಮತ್ತು ಧರ್ಮದ ಸಂಬಂಧವನ್ನು ಈ ಸೀಮೆ ಈ ಪಂದ್ಯಕ್ಕಿಂತ ಸಾವಿರ ವರ್ಷ ಮೊದಲೇ ಕಲ್ಲಿನಲ್ಲಿ ಬರೆದಿಟ್ಟುಕೊಂಡಿದೆ. ಬಳ್ಳಾರಿಗೆ ಹತ್ತಿರದ ಕೊಳಗಲ್ಲಿನ, ಕ್ರಿ.ಶ. 967ರ ಶಾಸನವು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮರಣವನ್ನೂ ಖೊಟ್ಟಿಗನ ಆಳ್ವಿಕೆಯನ್ನೂ ತಿಳಿಸುವ ಕಾರಣಕ್ಕೆ ಇತಿಹಾಸಕಾರರಿಗೆ ಪರಿಚಿತ. ಅದೇ ಶಾಸನವು ಗೌಡ ದೇಶದ, ಎಂದರೆ ಇಂದಿನ ಬಂಗಾಳದ, ವರೇಂದ್ರಿಯಿಂದ ಬಂದ ಗದಾಧರನೆಂಬ ಶೈವ ಮುನಿಯು ಕಾರ್ತಿಕೇಯನೂ ಸೇರಿದಂತೆ ಹಲವು ದೇವತೆಗಳನ್ನು ಪ್ರತಿಷ್ಠಾಪಿಸಿದ ಸಂಗತಿಯನ್ನು ಹೇಳುತ್ತದೆ. ದೇವಸೇನೆಯ ದಂಡನಾಯಕನಾದ ಕಾರ್ತಿಕೇಯನನ್ನು ಒಬ್ಬ ತಪಸ್ವಿ ತಂದು ನಿಲ್ಲಿಸಿದ್ದು, ಸಂಡೂರಿನ ಬೆಟ್ಟದಲ್ಲಿ ಅದೇ ದೇವರು ಕುಮಾರಸ್ವಾಮಿಯಾಗಿ ಇಂದಿಗೂ ಪೂಜೆಗೊಳ್ಳುತ್ತಿರುವುದು, ಇವೆರಡನ್ನೂ ಒಟ್ಟಿಗೆ ನೋಡಿದರೆ ಗೆಲ್ಲುವ ಶಕ್ತಿ ತಪಸ್ಸಿನ ಅಂಕೆಯಲ್ಲಿರಬೇಕೆಂಬ ನಂಬಿಕೆ ಈ ನೆಲದಲ್ಲಿ ಎಷ್ಟು ಆಳಕ್ಕಿಳಿದಿದೆ ಎಂಬುದು ಕಾಣುತ್ತದೆ.

ಆ ಶಾಸನ ಹುಟ್ಟಿದ ಆರೇ ವರ್ಷಕ್ಕೆ ರಾಷ್ಟ್ರಕೂಟರ ಆಳ್ವಿಕೆ ಮುಗಿದು ಚಾಲುಕ್ಯ ತೈಲಪ ಪಟ್ಟಕ್ಕೇರಿದನು; ಅವನ ಮಗ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ರನ್ನನು ಗದಾಯುದ್ಧವನ್ನು ಬರೆದನು. ಗದೆಯ ಕಾಳಗದಲ್ಲಿ ಹೊಕ್ಕುಳಿನ ಕೆಳಗೆ ಹೊಡೆಯಕೂಡದೆಂಬುದು ವಿಧಿ, ಭೀಮನು ಹೊಡೆದದ್ದು ತೊಡೆಗೆ. ವ್ಯಾಸಭಾರತದಲ್ಲಿ ಇದನ್ನು ಕಂಡ ಬಲರಾಮನು ನೇಗಿಲೆತ್ತಿ ಭೀಮನ ಮೇಲೆ ನುಗ್ಗುತ್ತಾನೆ, ಕೃಷ್ಣನು ತಡೆದಾಗ ಸಮಾಧಾನಗೊಳ್ಳದೆ ಕಣವನ್ನೇ ಬಿಟ್ಟು ದ್ವಾರಕೆಗೆ ಹೊರಟುಹೋಗುತ್ತಾನೆ. ಕಂಠೀರವದಿಂದ ಹೊರನಡೆದ ತಂಡವನ್ನು ನೋಡಿದ ಕನ್ನಡಿಗನಿಗೆ ಬಲರಾಮ ನೆನಪಾಗುವುದು ಸಹಜ. ಆದರೆ ಎರಡು ಪ್ರಸಂಗಗಳು ಒಂದಕ್ಕೊಂದು ತಿರುವುಮುರುವಾಗಿವೆ: ಭೀಮನು ವಿಧಿಯನ್ನು ಮುರಿದನು, ದ್ರೌಪದಿಗೆ ಕೊಟ್ಟ ಮಾತಿನ ಬಲದಿಂದ ಧರ್ಮ ತನ್ನ ಕಡೆಗಿದೆ ಎಂದನು, ಚೆಟ್ರಿಯವರು ವಿಧಿಯೊಳಗೇ ಇದ್ದು ಧರ್ಮ ಮೀರಿದರೆಂಬ ಆಪಾದನೆಗೆ ಗುರಿಯಾದರು.

ಆಪಾದನೆಯನ್ನು ಅಳೆಯಬೇಕಾದರೆ ಫ್ರೀ ಕಿಕ್ ಎಂಬುದರ ತಿರುಳನ್ನು ನೋಡಬೇಕು. ಅದನ್ನು ವಿವರಿಸುವ 13ನೇ ವಿಧಿಯ ಪ್ರಕಾರ ಎದುರಾಳಿಗಳು ಚೆಂಡಿನಿಂದ 9.15 ಮೀಟರ್ ದೂರ ಸರಿಯಬೇಕು. ಈ ದೂರ ಅನ್ಯಾಯಕ್ಕೊಳಗಾದವನಿಗೆ ಸಲ್ಲುವ ಹಕ್ಕು. ಗೋಡೆ ಕಟ್ಟಿಕೊಳ್ಳಲು ಸಮಯ ಬೇಕೆಂಬುದು ತಪ್ಪು ಮಾಡಿದ ಪಕ್ಷದ ಅನುಕೂಲ, ಅದನ್ನು ಹಕ್ಕೆಂದು ವಿಧಿ ಎಲ್ಲಿಯೂ ಹೇಳುವುದಿಲ್ಲ. ದೂರದ ಹಕ್ಕನ್ನು ಬಿಟ್ಟುಕೊಟ್ಟು ಬೇಗನೆ ಒದೆಯಲು ಹಕ್ಕುದಾರನು ಬಯಸಿದರೆ ರೆಫರಿ ಅದಕ್ಕೆ ಅವಕಾಶ ಕೊಡಬಹುದು. ರೆಫರಿಯೇ ಆಟ ತಡೆದು ಶಿಳ್ಳೆಗೆ ಕಾಯುವಂತೆ ಸೂಚಿಸಿದ್ದರೆ ಮಾತ್ರ ಕಾಯಬೇಕು. ಮೀಮಾಂಸಕರು ಯಾವುದೇ ವಿಧಿಯ ಎದುರು ಅದರ ಫಲ ಯಾರಿಗೆ ಸೇರತಕ್ಕದ್ದು ಎಂಬ ಅಧಿಕಾರದ ಪ್ರಶ್ನೆಯನ್ನು ಎತ್ತುತ್ತಾರೆ. ಆ ಪ್ರಶ್ನೆಯನ್ನು ಇಲ್ಲಿ ಎತ್ತಿದರೆ ಉತ್ತರ ಸ್ಪಷ್ಟವಾಗಿದೆ: ಫ್ರೀ ಕಿಕ್ ಒಂದು ಬಗೆಯ ಪ್ರಾಯಶ್ಚಿತ್ತ, ಪ್ರಾಯಶ್ಚಿತ್ತದ ಮುಹೂರ್ತವನ್ನು ತಪ್ಪಿತಸ್ಥನು ಗೊತ್ತುಮಾಡಲಾಗದು. ಗೋಲು ವಿಧಿಗೂ ಧರ್ಮಕ್ಕೂ ಒಪ್ಪುವಂಥದ್ದಾಗಿತ್ತು ಎಂದು ಹೇಳಲು ಹಿಂಜರಿಯಬೇಕಿಲ್ಲ.

ಇದಕ್ಕೆ ಪೂರ್ವಪಕ್ಷ, ಎಂದರೆ ಎದುರುವಾದ, ದುರ್ಬಲವಾದದ್ದೇನಲ್ಲ. ಬರೆಯದೆ ಇರುವ ಆಚಾರಗಳು ಆಟದಲ್ಲೂ ಇವೆ, ಅವುಗಳಿಗೆ ವಿಧಿಯಷ್ಟೇ ಗೌರವ ಸಲ್ಲಬೇಕು ಎಂಬುದು ಆ ವಾದ. 2019ರ ಏಪ್ರಿಲ್ 28ರಂದು ಇಂಗ್ಲೆಂಡಿನಲ್ಲಿ ಲೀಡ್ಸ್ ಮತ್ತು ಆಸ್ಟನ್ ವಿಲ್ಲಾ ತಂಡಗಳ ಪಂದ್ಯದಲ್ಲಿ ವಿಲ್ಲಾದ ಆಟಗಾರನೊಬ್ಬ ಗಾಯಗೊಂಡು ಬಿದ್ದಿದ್ದಾಗ ಅವನ ಸಂಗಡಿಗರು ಆಟ ನಿಲ್ಲುವುದೆಂದು ನಂಬಿ ಸುಮ್ಮನಾದರು, ಲೀಡ್ಸ್ ಗೋಲು ಹೊಡೆಯಿತು. ವಿಧಿಯಲ್ಲಿ ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಆದರೂ ತರಬೇತುದಾರ ಮಾರ್ಸೆಲೊ ಬಿಯೆಲ್ಸಾ ತಮ್ಮ ಆಟಗಾರರಿಗೆ ಅಡ್ಡಬರದೆ ನಿಂತು ಒಂದು ಗೋಲನ್ನು ಬಿಟ್ಟುಕೊಡಲು ಆಜ್ಞಾಪಿಸಿದರು, ಪಂದ್ಯ 1-1ರಲ್ಲಿ ಕೊನೆಗೊಂಡಿತು. ಈ ನಡೆಗೆ ಧರ್ಮವೆಂಬ ಹೆಸರು ಸಲ್ಲುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅಲ್ಲಿ ವಿಲ್ಲಾದವರು ಆಟ ನಿಲ್ಲಿಸಿದ್ದು ಬಿದ್ದವನ ಮೇಲಿನ ಕರುಣೆಯ ಆಚಾರವನ್ನು ನಂಬಿ, ಆ ನಂಬಿಕೆಯಿಂದ ಲಾಭ ಪಡೆಯುವುದು ವಂಚನೆಯಾಗುತ್ತಿತ್ತು; ಬೆಂಗಳೂರಿನಲ್ಲಿ ಎದುರಾಳಿಗಳು ನಂಬಿದ್ದು ತಮಗೆ ಬಿಡುವು ಸಿಗುತ್ತದೆ ಎಂಬುದನ್ನು ಮಾತ್ರ. ಮಹಾಭಾರತ ಧರ್ಮಸೂಕ್ಷ್ಮ ಎಂದು ಕರೆಯುವುದು, ಹೊರಗಿನಿಂದ ಒಂದೇ ಬಗೆಯಾಗಿ ಕಾಣುವ ಎರಡು ಕೃತ್ಯಗಳ ನಡುವಿನ ಇಂಥ ಕೂದಲೆಳೆಯ ಅಂತರವನ್ನೇ.

ಇನ್ನು ಹೊರನಡೆದವರ ವಿಷಯ. ರೆಫರಿ ಕಾಯಲು ಸೂಚಿಸಿದ್ದರೆಂದೇ ಅವರು ನಂಬಿದ್ದರು, ಆ ಸಿಟ್ಟಿನಲ್ಲಿ ಕಪಟವಿರಲಿಲ್ಲ. ದೃಶ್ಯಗಳನ್ನು ಮರಳಿ ನೋಡಿ ತೀರ್ಪನ್ನು ಪರಿಶೀಲಿಸುವ ವಿಎಆರ್ ವ್ಯವಸ್ಥೆಯೂ ಆ ಲೀಗಿನಲ್ಲಿ ಇರಲಿಲ್ಲ. ಆದರೂ ಇಲ್ಲಿ ಬಲರಾಮನ ದಾರಿ ಹಿಡಿಯಲಾಗದು. ಬಲರಾಮನು ನೋಡುಗನಾಗಿದ್ದನು, ನೋಡುಗನು ಎದ್ದುಹೋದರೆ ಕಾಳಗ ಕೆಡುವುದಿಲ್ಲ. ಕಣಕ್ಕಿಳಿದವನು ಮಾತ್ರ ಮೊದಲ ಶಿಳ್ಳೆಗೇ ಒಂದು ದೀಕ್ಷೆ ತೊಟ್ಟಿರುತ್ತಾನೆ: ತೀರ್ಪುಗಾರನ ಕಣ್ಣೂ ತಪ್ಪಬಲ್ಲದು ಎಂದು ತಿಳಿದೇ ಅವನ ಮಾತಿಗೆ ತಲೆಬಾಗುವ ದೀಕ್ಷೆ ಅದು. ತಪ್ಪೇ ಇಲ್ಲದ ತೀರ್ಪಿಗೆ ಮಾತ್ರ ತಲೆಬಾಗುವವನು ತಲೆಬಾಗುವುದು ತನ್ನ ಅಭಿಪ್ರಾಯಕ್ಕೇ ಹೊರತು ತೀರ್ಪಿಗಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಆ ತಿಂಗಳ ಕೊನೆಗೆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡವನ್ನೂ ತರಬೇತುದಾರರಿಗೆ 10 ಪಂದ್ಯಗಳ ನಿಷೇಧವನ್ನೂ ವಿಧಿಸಿತು. ದಂಡದ ಮೊತ್ತದ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು, ದೀಕ್ಷೆ ಮುರಿದದ್ದರ ಬಗ್ಗೆ ಇರಲಾರದು.

ಮಾರ್ಚ್ 4ರಂದು, ಎಂದರೆ ಈ ಗದ್ದಲದ ಮರುದಿನವೇ, ಕರ್ನಾಟಕ ತಂಡ ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, ಮೈಸೂರು ಎಂಬ ಹೆಸರಿನಲ್ಲಿ ಗೆದ್ದ 54 ವರ್ಷಗಳ ನಂತರ, ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯ ಸಂತೋಷ್ ಟ್ರೋಫಿಯನ್ನು ಮರಳಿ ಪಡೆಯಿತು. ವಾದದ ಸದ್ದಿನಲ್ಲಿ ಆ ನಿಚ್ಚಳ ಗೆಲುವಿಗೆ ಸಲ್ಲಬೇಕಾದಷ್ಟು ಸಂಭ್ರಮ ಸಲ್ಲಲಿಲ್ಲವೆಂಬುದು ಖೇದದ ಸಂಗತಿ.

ಒಪ್ಪಲಾಗದ ತೀರ್ಪಿಗೂ ತಲೆಬಾಗುವ ಅದೇ ಪರೀಕ್ಷೆ ಬೆಂಗಳೂರು ಎಫ್‌ಸಿಗೂ ಎದುರಾಗಲು ಹದಿನೈದು ದಿನ ಸಾಕಾಯಿತು. ಮಾರ್ಚ್ 18ರಂದು ಗೋವಾದಲ್ಲಿ ಬಂಗಾಳದ ಎಟಿಕೆ ಮೋಹನ್ ಬಾಗಾನ್ ಎದುರಿನ ಸೂಪರ್ ಲೀಗ್ ಫೈನಲ್‌ನಲ್ಲಿ ತಂಡ 2-1ರಿಂದ ಮುಂದಿದ್ದಾಗ, 85ನೇ ನಿಮಿಷದಲ್ಲಿ ಎದುರಾಳಿಗೆ ದೊರೆತ ಪೆನಾಲ್ಟಿಯ ತೀರ್ಪು ತೀವ್ರ ಆಕ್ಷೇಪಕ್ಕೆ ಒಳಗಾಯಿತು. ಪಂದ್ಯ 2-2ರಲ್ಲಿ ಸಮವಾಗಿ, ಪೆನಾಲ್ಟಿ ಶೂಟೌಟ್‌ನಲ್ಲಿ ಬೆಂಗಳೂರು 4-3ರಿಂದ ಸೋತಿತು. ವಿಧಿ ಎಂಬ ಪದದ ಎರಡೂ ಅರ್ಥಗಳು ಆ ರಾತ್ರಿ ಒಂದರೊಳಗೊಂದು ಸೇರಿಹೋದವು. ಆಟಗಾರರು ಕೊನೆಯ ಒದೆತದವರೆಗೂ ಮೈದಾನದಲ್ಲಿದ್ದರು.

ಜುಲೈ 4ರಂದು ಮತ್ತೆ ಅದೇ ಕಂಠೀರವದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್‌ನ ಫೈನಲ್ ನಡೆದು, ಕುವೈತ್ ಎದುರು ಭಾರತ ಹಿನ್ನಡೆಯಲ್ಲಿತ್ತು. 39ನೇ ನಿಮಿಷದಲ್ಲಿ ಚೆಟ್ರಿ ನಾಯಕತ್ವದ ಆ ತಂಡಕ್ಕೆ ಲಾಲಿಯನ್‌ಜುವಾಲಾ ಛಾಂಗ್ಟೆ ಸಮಬಲದ ಗೋಲು ತಂದುಕೊಟ್ಟರು. ಅವರ ಕಾಲಿಗೆ ಚೆಂಡನ್ನು ತಲುಪಿಸಿದವರು ಆಗ ಕೇರಳ ಬ್ಲಾಸ್ಟರ್ಸ್‌ನಲ್ಲಿದ್ದ ಸಹಲ್ ಅಬ್ದುಲ್ ಸಮದ್.