ಶ್ರೀಶೈಲ ಎಷ್ಟು ದೂರ?

ಬಾಗಲಕೋಟೆ ಮತ್ತು ಶ್ರೀಶೈಲ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ನಕಾಶೆಯಲ್ಲಿ ನೇರ ಪೂರ್ವಕ್ಕೆ ಗೆರೆ ಎಳೆದರೆ ಸುಮಾರು 340 ಕಿ.ಮೀ.; ಇಳಕಲ್‌ನಿಂದ 300ಕ್ಕೂ ಕಡಿಮೆ. ಗಂಟೆಗೆ 800 ಕಿ.ಮೀ. ಹಾರುವ ವಿಮಾನಕ್ಕೆ ಇದು ಅರ್ಧ ತಾಸಿನೊಳಗಿನ ಹಾದಿ. ರಸ್ತೆ ಹಿಡಿದರೆ ಲಿಂಗಸುಗೂರು, ರಾಯಚೂರು, ಕರ್ನೂಲು ಸುತ್ತಿ ಬಾಗಲಕೋಟೆಯಿಂದ 400 ಕಿ.ಮೀ. ಮೀರುತ್ತದೆ.

ಯುಗಾದಿ ಹತ್ತಿರವಾದಂತೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಸಾವಿರಾರು ಜನ ಈ ದೂರಕ್ಕೆ ಕಾಲ್ನಡಿಗೆಯಲ್ಲೇ ಹೊರಡುತ್ತಾರೆ. ಹೆಗಲ ಮೇಲೆ ಶ್ರೀಶೈಲದ ಮಲ್ಲಯ್ಯನ ಕಂಬಿ. ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ದಿನಕ್ಕೆ 35-40 ಕಿ.ಮೀ. ಹಾಕಿದರೂ ಹತ್ತು-ಹನ್ನೆರಡು ದಿನ ಬೇಕು, ಅದೂ ರಾಯಚೂರಿನ ಬಿಸಿಲಲ್ಲಿ. ಆತ್ಮಕೂರು ದಾಟಿದ ಮೇಲೆ ನಲ್ಲಮಲದ ಕಾಡು, ಭೀಮನ ಕೊಳ್ಳದ ಕಡಿದಾದ ಇಳುಕಲು, ಮತ್ತೆ ಏರು. ಮಲ್ಲಯ್ಯನ ಮಡದಿ ಭ್ರಮರಾಂಬೆ ಇವರ ಪಾಲಿಗೆ ಮನೆಮಗಳು. ಮಗಳನ್ನು ನೋಡಲು ಹೊರಟವರಿಗೆ ಬಿಸಿಲಿನ ನೆವ ಹೇಳಲು ಬಾಯಿ ಬರುವುದಿಲ್ಲ.

ಆದರೂ ಇಷ್ಟು ನಡೆಯಬೇಕೇ? ಈ ಪ್ರಶ್ನೆ ಹುನಗುಂದ ತಾಲ್ಲೂಕಿನಲ್ಲಿ ಕೇಳಿದಷ್ಟು ಹರಿತವಾಗಿ ಬೇರೆಲ್ಲೂ ಕೇಳಿಸದು. ಬಸವಣ್ಣ ಐಕ್ಯನಾದ ಕೂಡಲಸಂಗಮ ಇರುವುದು ಇಲ್ಲೇ. ಲಿಂಗ ಅಂಗೈಯಲ್ಲೇ ಇರುವಾಗ ತೀರ್ಥಕ್ಷೇತ್ರ ಸುತ್ತುವುದೇಕೆ ಎಂದು ಕೇಳಿದವರು ಶರಣರು. ಮಲಪ್ರಭೆಯನ್ನು ಕೂಡಿಕೊಂಡ ಕೃಷ್ಣೆ ಇಲ್ಲಿಂದಲೇ ಹರಿದು ಶ್ರೀಶೈಲದ ಪಾತಾಳಗಂಗೆಯಾಗುತ್ತಾಳೆ. ಅದೇ ನೀರು, ಅದೇ ಶಿವ.

ಅದೇ ಶರಣರ ಕಥೆಗಳಲ್ಲಿ ಶ್ರೀಶೈಲದ ಹಾದಿಯೂ ಇದೆ. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದಳು. ಸೊನ್ನಲಿಗೆಯ ಸಿದ್ಧರಾಮ ಎಳೆ ಹುಡುಗನಾಗಿದ್ದಾಗಲೇ ಮಲ್ಲಯ್ಯನನ್ನು ಹುಡುಕಿಕೊಂಡು ಹೋದ. ಆದರೆ ಅಲ್ಲೇ ಉಳಿಯಲಿಲ್ಲ. ತಿರುಗಿ ಬಂದು ಕೆರೆ ಕಟ್ಟಿಸಿದ, ಸೊನ್ನಲಿಗೆಯನ್ನೇ ಇನ್ನೊಂದು ಶ್ರೀಶೈಲ ಮಾಡಿದ. ಶರಣರ ಆಕ್ಷೇಪ ನಡಿಗೆಯ ಮೇಲಲ್ಲ, ನಡೆದದ್ದಕ್ಕೆ ಲೆಕ್ಕ ಹಾಕಿ ಪುಣ್ಯ ಕೇಳುವುದರ ಮೇಲೆ ಎಂದು ಈ ಕಥೆಯಿಂದ ತಿಳಿಯಬಹುದು.

ಹಾದಿಯ ನಿಜವಾದ ಸಂಪತ್ತು ಇರುವುದು ನಡೆಯುವವರಲ್ಲಿ ಮಾತ್ರವಲ್ಲ. ಊರೂರಿನಲ್ಲಿ ಚಪ್ಪರ ಹಾಕಿ ಮಜ್ಜಿಗೆ, ಅಂಬಲಿ, ಅನ್ನ-ಸಾರು ನೀಡುವವರಿದ್ದಾರೆ. ಮನೆಮನೆಯಿಂದ ಜೋಳದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕೂಡಿಸಿ ಕಳಿಸುವವರಿದ್ದಾರೆ. ಗುರುತಿಲ್ಲದವನ ಬೊಬ್ಬೆ ಎದ್ದ ಪಾದವನ್ನು ತೊಳೆದು ಎಣ್ಣೆ ತಿಕ್ಕುವವರೂ ಇದ್ದಾರೆ. ಯಾವ ಜಾತಿಯವನೆಂದು ಕೇಳಿ ಯಾರೂ ಪಾದ ಹಿಡಿಯುವುದಿಲ್ಲ. ದಾಸೋಹಕ್ಕೆ ಕೊಡುವ ಕೈಯಷ್ಟೇ ಒಡ್ಡುವ ಕೈಯೂ ಬೇಕು. ಬಾಗಲಕೋಟೆಯ ವ್ಯಾಪಾರಿ ದೇವದುರ್ಗದ ಕೂಲಿಕಾರನ ಮುಂದೆ ತಟ್ಟೆ ಹಿಡಿದು ನಿಲ್ಲುವ ಸಂದರ್ಭ ವರ್ಷದಲ್ಲಿ ಇನ್ಯಾವಾಗ ಒದಗೀತು? ಗಾಳಿಯಲ್ಲಿ ಎಳೆದ ಆ ನೇರ ಗೆರೆ ಉಳಿಸುವುದು ಹತ್ತು ದಿನಗಳನ್ನು. ತಪ್ಪಿಸುವುದು ಈ ಎಲ್ಲ ಅಂಗಳಗಳನ್ನು. ಶ್ರೀಶೈಲ ದೂರವಿರುವುದರಿಂದಲೇ ಇಷ್ಟು ಜನರಿಗೆ ಅದರಲ್ಲಿ ಪಾಲು ಸಿಕ್ಕಿದೆ.

ಹಾಗೆಂದು ವೇಗ ಪಾಪವಲ್ಲ. ಮಂಡಿ ನೋವಿನ ಅಜ್ಜಿ ಬಸ್ಸಿನಲ್ಲಿ ಹೋದರೆ ಅವಳ ಭಕ್ತಿಯೇನೂ ಕಿರಿದಾಗದು. ನಡೆದವರೂ ಜಾತ್ರೆ ಮುಗಿಸಿ ಸಾಮಾನ್ಯವಾಗಿ ಬಸ್ಸನ್ನೇ ಹತ್ತುತ್ತಾರೆ. ಹೋಗುವಾಗ ಹನ್ನೆರಡು ದಿನ ಹಿಡಿದ ದಾರಿ ಬರುವಾಗ ಒಂದು ರಾತ್ರಿಯ ನಿದ್ದೆಯಲ್ಲಿ ಕಳೆಯುತ್ತದೆ. ಅದರಿಂದ ಏನೋ ಕಳೆದುಕೊಂಡೆವೆಂದು ಯಾರೂ ಕೊರಗುವುದಿಲ್ಲ. ಮನೆಯಲ್ಲಿ ಹೊಲ, ಮಗ್ಗ, ಅಂಗಡಿ ಕಾಯುತ್ತಿರುತ್ತವೆ.