ಬೀಜ ಕಾದವರು

ಗಿಡಮರಗಳನ್ನು ಪ್ರೀತಿಸಿದವರ ಕಥೆಗಳನ್ನು ಓದುವುದು ನನಗೊಂದು ಹಳೆಯ ಚಟ. ಬಹುಮಟ್ಟಿಗೆ ಅದು ನಿರಪಾಯವಾದ ಚಟ. ಕಾಬೂಲಿನ ತೋಟಗಳನ್ನು ನೆನೆದು ಕೊರಗುತ್ತಿದ್ದ ಬಾಬರ್, ಆಗ್ರಾದಲ್ಲಿ ಹರಿಯುವ ನೀರಿಲ್ಲವೆಂದು ಗೊಣಗುತ್ತಲೇ ಅಲ್ಲೂ ಒಂದು ತೋಟ ಹಾಕಿಸಿದ. ಉಪ್ಸಾಲದ ಲಿನೇಯಸ್ 1753ರಲ್ಲಿ ಸಾವಿರಾರು ಗಿಡಗಳಿಗೆ ಎರಡೆರಡು ಪದಗಳ ಹೆಸರಿಟ್ಟ. ಪಾದ್ರಿ ಮೆಂಡೆಲ್ ಮಠದ ತೋಟದಲ್ಲಿ ಬಟಾಣಿ ಎಣಿಸುತ್ತ ಕುಳಿತ. ಇಂಥವರ ಸಂಗದಲ್ಲಿ ಒಂದು ಸಂಜೆ ಕಳೆದರೆ ಲೋಕ ಅಷ್ಟೇನೂ ಕೆಟ್ಟದ್ದಲ್ಲ ಅನ್ನಿಸುತ್ತದೆ. ಆದರೆ ಒಂದು ಕಥೆ ಮಾತ್ರ ನನ್ನನ್ನು ಸುಮ್ಮನಿರಗೊಡಿಸಿಲ್ಲ.

ಅದು ನಿಕೊಲಾಯ್ ವಾವಿಲೋವ್ ಎಂಬ ರಷ್ಯದ ಸಸ್ಯವಿಜ್ಞಾನಿಯ ಮತ್ತು ಅವರ ಸಂಗಡಿಗರ ಕಥೆ. ವಾವಿಲೋವ್ ಹುಟ್ಟಿದ್ದು 1887ರಲ್ಲಿ. ಕ್ಷಾಮ ಅವರ ನಾಡಿಗೆ ಹೊಸದಲ್ಲ. 1921-22ರಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತಿದ್ದರು. ಚಳಿಯನ್ನು, ರೋಗವನ್ನು, ನೀರಿನ ಕೊರತೆಯನ್ನು ತಡೆದುಕೊಳ್ಳುವ ತಳಿ ಜಗತ್ತಿನ ಯಾವುದೋ ಮೂಲೆಯಲ್ಲಿ, ಯಾರೋ ಬಡ ರೈತನ ಹೊಲದಲ್ಲಿ ಇದ್ದೀತು. ಅದನ್ನು ಹುಡುಕಿ ತಂದರೆ ಹಸಿವನ್ನು ಗೆಲ್ಲಬಹುದು ಎಂಬುದು ಅವರ ನಂಬಿಕೆ. ಅದಕ್ಕಾಗಿ ಅಫ್ಘಾನಿಸ್ತಾನ, ಇಥಿಯೋಪಿಯ, ಮೆಕ್ಸಿಕೋ, ಪೆರು ಎಂದು ಅಲೆದರು. ಗೋಧಿ, ಬಾರ್ಲಿ, ಬೇಳೆಕಾಳು, ಆಲೂಗಡ್ಡೆ, ಹೀಗೆ ಲಕ್ಷಕ್ಕೂ ಮಿಕ್ಕಿದ ಮಾದರಿಗಳು ಲೆನಿನ್‌ಗ್ರಾಡಿನ ಅವರ ಸಂಸ್ಥೆಯಲ್ಲಿ ಸೇರಿದವು. ಅಷ್ಟು ದೊಡ್ಡ ಬೀಜಭಂಡಾರ ಆಗ ಬೇರೆಲ್ಲಿಯೂ ಇರಲಿಲ್ಲ.

ಆದರೆ ತಳಿಶಾಸ್ತ್ರವೇ ಸುಳ್ಳೆಂದು ಸಾರಿದ ಲೈಸೆಂಕೋಗೆ ಸ್ಟಾಲಿನ್ನನ ಬೆಂಬಲ ದೊರೆಯಿತು. 1940ರ ಆಗಸ್ಟಿನಲ್ಲಿ, ಗಿಡ ಸಂಗ್ರಹಿಸಲು ಉಕ್ರೇನಿಗೆ ಹೋಗಿದ್ದ ವಾವಿಲೋವರನ್ನು ಅಲ್ಲಿಂದಲೇ ಹಿಡಿದೊಯ್ದರು. ಮರುವರ್ಷ ಸೆಪ್ಟೆಂಬರಿನಲ್ಲಿ ಜರ್ಮನ್ ಸೈನ್ಯ ಲೆನಿನ್‌ಗ್ರಾಡನ್ನು ಮುತ್ತಿತು. ಆ ಮುತ್ತಿಗೆ ಪೂರ್ತಿಯಾಗಿ ತೆರವಾದದ್ದು 1944ರ ಜನವರಿಯಲ್ಲಿ. ಮೊದಲ ಚಳಿಗಾಲದಲ್ಲಿ ಕೂಲಿಕಾರರಲ್ಲದವರಿಗೆ ಸಿಗುತ್ತಿದ್ದ ರೊಟ್ಟಿ ದಿನಕ್ಕೆ 125 ಗ್ರಾಂ, ಅದರಲ್ಲೂ ಬೆರಕೆ. ಹರ್ಮಿಟೇಜ್ ಸಂಗ್ರಹಾಲಯದ ಚಿತ್ರಗಳನ್ನು ಮೊದಲೇ ರೈಲಿನಲ್ಲಿ ದೂರಕ್ಕೆ ಸಾಗಿಸಿದ್ದರು. ಬೀಜಗಳು ಬಹುಪಾಲು ಊರಿನಲ್ಲೇ ಉಳಿದವು.

ಅವುಗಳ ಜೊತೆ ಕೆಲವರು ಉಳಿದರು. ಗುಂಡಿನ ಮಳೆಯ ನಡುವೆ ಪಾವ್ಲೋವ್ಸ್ಕ್‌ನ ಹೊಲದಿಂದ ಆಲೂಗಡ್ಡೆಯ ತಳಿಗಳನ್ನು ಅಗೆದು ತಂದರು. ಅವು ಹೆಪ್ಪುಗಟ್ಟದಂತೆ ನೆಲಮಾಳಿಗೆಯಲ್ಲಿ ಸಿಕ್ಕಿದ್ದನ್ನು ಉರಿಸಿ ಬೆಚ್ಚಗಿಟ್ಟರು. ಇಲಿಗಳನ್ನು ಅಟ್ಟುತ್ತ ಸರದಿಯ ಮೇಲೆ ಕಾವಲು ಕುಳಿತರು. ನೆಲಗಡಲೆಯ ತಜ್ಞ ಷ್ಚುಕಿನ್ ಕೆಲಸದ ಮೇಜಿನಲ್ಲೇ ಸತ್ತರು. ಭತ್ತದ ತಜ್ಞ ಇವನೋವ್ ಹಸಿವಿನಿಂದ ಸತ್ತಾಗ ಅವರು ಕಾಪಾಡಿದ ಭತ್ತದ ಸಾವಿರಾರು ಪೊಟ್ಟಣಗಳು ಹಾಗೆಯೇ ಇದ್ದವು. ಓಟ್ಸಿನ ಸಂಗ್ರಹವನ್ನು ನೋಡಿಕೊಳ್ಳುತ್ತಿದ್ದ ಶ್ರೀಮತಿ ರೋದಿನಾ ಕೂಡ ಉಪವಾಸದಲ್ಲೇ ತೀರಿಕೊಂಡರು. ಅಷ್ಟರಲ್ಲಿ, 1943ರ ಜನವರಿ 26ರಂದು, ಜಗತ್ತಿನ ಅನ್ನವನ್ನು ಕೂಡಿಡಲು ಹೊರಟಿದ್ದ ವಾವಿಲೋವ್ ಸರಾತೋವಿನ ಸೆರೆಮನೆಯಲ್ಲಿ ಅನ್ನವಿಲ್ಲದೆ ಸೊರಗಿ ಪ್ರಾಣ ಬಿಟ್ಟಿದ್ದರು.

ಇದನ್ನು ನಾನು ಒಮ್ಮೆ ಸ್ನೇಹಿತರೊಬ್ಬರಿಗೆ ಉತ್ಸಾಹದಿಂದ ಹೇಳಿದೆ. ಅವರು ಮೆಚ್ಚಲಿಲ್ಲ. “ಊರಿಗೆ ಊರೇ ಹಸಿದು ಸಾಯುವಾಗ ಕಾಳಿನ ಪೊಟ್ಟಣ ಕಾಯುವುದು ಧರ್ಮವೇನ್ರೀ? ಇನ್ನೂ ಹುಟ್ಟದವರಿಗಾಗಿ ಹುಟ್ಟಿದವರನ್ನು ಸಾಯಗೊಡುವುದೆ?” ಎಂದರು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಲೆಕ್ಕದ ಉತ್ತರವೇನೋ ಇದೆ. ಅಲ್ಲಿ ಸಿಕ್ಕಿಬಿದ್ದಿದ್ದ ಜನ ಸುಮಾರು 25 ಲಕ್ಷ. ಭಂಡಾರದಲ್ಲಿ 10 ಟನ್ ಕಾಳಿತ್ತೆಂದೇ ಇಟ್ಟುಕೊಳ್ಳಿ. ಹಂಚಿದರೆ ತಲೆಗೆ 4 ಗ್ರಾಂ, ಅಂದರೆ ಒಂದು ಚಿಟಿಕೆ. ಊರು ಉಳಿಯುತ್ತಿರಲಿಲ್ಲ, ಬೀಜವೂ ಉಳಿಯುತ್ತಿರಲಿಲ್ಲ. ಆ ಕಾಳು ನಿಜವಾಗಿ ಬದುಕಿಸಬಹುದಾಗಿದ್ದುದು ಕೆಲವರನ್ನು ಮಾತ್ರ. ಅವರಲ್ಲಿ ಮೊದಲಿಗರು ಕಾವಲುಗಾರರೇ. ಅವರು ಮೊದಲು ‘ಇಲ್ಲ’ ಎಂದದ್ದು ತಮ್ಮ ಹೊಟ್ಟೆಗೆ.

ನನ್ನ ಸ್ನೇಹಿತರ ಅನುಮಾನಕ್ಕೂ ಕಾರಣವಿಲ್ಲದಿಲ್ಲ. ‘ನಾಳೆ’ ಎಂಬ ಮಾತಿನ ಹೆಸರಿನಲ್ಲಿ ನಡೆದ ಅನ್ಯಾಯ ಕಡಮೆಯಲ್ಲ. ಅದೇ ದೇಶದಲ್ಲಿ, ಹತ್ತು ವರ್ಷ ಮುಂಚೆ, 1932-33ರಲ್ಲಿ, ಉಕ್ರೇನಿನ ರೈತರ ಮನೆಗಳಿಂದ ಬಿತ್ತನೆಯ ಕಾಳನ್ನೂ ಬಿಡದೆ ಕಸಿದುಕೊಂಡು ಹೋದರು. ಅದಕ್ಕೂ ಮುಂದಿನ ಸುಖದ ಸಮಾಜವೇ ನೆಪ. ಮಾತು ಒಂದೇ, ನಡತೆ ಬೇರೆ. ಅಲ್ಲಿ ನಾಳೆಗಾಗಿ ಇನ್ನೊಬ್ಬರ ಅನ್ನ ಹೋಯಿತು. ಇಲ್ಲಿ ನಾಳೆಗಾಗಿ ತಮ್ಮದೇ ಪ್ರಾಣ ಹೋಯಿತು. ‘ಇದು ಮುಂದಿನವರದು, ಮುಟ್ಟಬೇಡ’ ಎನ್ನುವ ಅಧಿಕಾರ ಯಾರಿಗಾದರೂ ಇದ್ದರೆ, ತಾನು ಮೊದಲು ಮುಟ್ಟದವನಿಗೆ ಮಾತ್ರ.

ಈ ಪಾಠವನ್ನು ನಾನು ಲೆನಿನ್‌ಗ್ರಾಡಿನಿಂದ ಕಲಿಯಬೇಕಾಗಿರಲಿಲ್ಲ. 1966ರ ಬರದಲ್ಲಿ ನಾನು ಎಂಟು ವರ್ಷದ ಹುಡುಗ. ನಮ್ಮ ಹಳ್ಳಿಯ ಮನೆಯ ಅಟ್ಟದ ಮೇಲೆ ಅಜ್ಜಿಯ ಬಿತ್ತನೆ ರಾಗಿಯ ಗಡಿಗೆಯಿತ್ತು. ಬಾಯಿಗೆ ಬಟ್ಟೆ ಕಟ್ಟಿ ಸಗಣಿ ಮೆತ್ತಿತ್ತು. ಹಿಟ್ಟಿನ ಉಂಡೆ ದಿನದಿನಕ್ಕೆ ಕಿರಿದಾಗುವುದನ್ನು ಕಂಡು ಒಂದು ರಾತ್ರಿ, “ಅಜ್ಜೀ, ಆ ಗಡಿಗೆ ಇಳಿಸಬಾರದಾ?” ಎಂದೆ. “ಅದು ನಮ್ದಲ್ಲ ಕಣೋ, ಮುಂದಿನ ವರ್ಷದ್ದು” ಎಂದಳು. ನನಗೆ ಅಳುವೇ ಬಂತು. ಆ ದಿನಗಳಲ್ಲಿ ಅವಳ ತಟ್ಟೆಯಲ್ಲಿ ಉಂಡೆಯೇ ಇರುತ್ತಿರಲಿಲ್ಲ, ಬರಿಯ ಅಂಬಲಿ, ಎಂಬುದು ನನ್ನ ನೆನಪಿಗೆ ಬಂದು ಅರ್ಥವಾದದ್ದು ಎಷ್ಟೋ ವರ್ಷಗಳ ಮೇಲೆ.

ಅದೇ ಅಜ್ಜಿ, ಕೂಲಿ ಮಾಡುವ ಬಾಣಂತಿಯೊಬ್ಬಳು ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಾಗ, ಮಾತಾಡದೆ ಗಡಿಗೆ ಇಳಿಸಿ ಎರಡು ಸೇರು ಅಳೆದು ಕೊಟ್ಟಳು. “ಮುಂದಿನ ವರ್ಷದ್ದು ಅಂದ್ಯಲ್ಲ?” ಎಂದು ನಾನು ಜಗಳಕ್ಕೆ ನಿಂತೆ. “ಬೀಜ ಇನ್ನೊಂದು ಮನೇಲಿ ಕಡ ಸಿಗುತ್ತೆ. ಕೂಸು ಸಿಗುತ್ತಾ?” ಎಂದಳು.

ಹಾಗಾದರೆ ಅಜ್ಜಿ ನನ್ನ ಸ್ನೇಹಿತರ ಪಕ್ಷವೆ? ಪೂರ್ತಿಯಾಗಿ ಅಲ್ಲ. ನಮ್ಮ ರಾಗಿ ಇನ್ನೊಂದು ಮನೆಯಲ್ಲಿತ್ತು. ಲೆನಿನ್‌ಗ್ರಾಡಿನ ಕಾಳುಗಳಲ್ಲಿ ಎಷ್ಟೋ ತಳಿಗಳಿಗೆ ಇನ್ನೊಂದು ಮನೆಯೇ ಇರಲಿಲ್ಲ. ಆದರೂ ಆ ಬಾಗಿಲಿಗೆ ಅಂಥ ತಾಯಿಯೊಬ್ಬಳು ಬಂದು ನಿಂತಿದ್ದರೆ, 4 ಗ್ರಾಮಿನ ನನ್ನ ಲೆಕ್ಕ ಅವಳೆದುರಿಗೆ ನಿಲ್ಲುತ್ತಿರಲಿಲ್ಲ. ಅಲ್ಲಿ ‘ಇಲ್ಲ’ ಎಂದವರನ್ನು ನಾನು ಹೊಗಳಲಾರೆ. ತಾವೂ ಹಸಿದು ನಿಂತವರನ್ನು, ಉಂಡ ಹೊಟ್ಟೆಯಲ್ಲಿ ಕುಳಿತು ತೆಗಳಲಾರೆ. ಇಂಥ ಸಂಕಟ ಯಾರಿಗೂ ಬಾರದಂತೆ ಬೀಜಕ್ಕೆ ಎರಡನೆಯ ಮನೆಯನ್ನು ಕಟ್ಟುವುದೇ ಅವರಿಗೆ ಸಲ್ಲಿಸಬಹುದಾದ ಗೌರವ. ಅದು ಆಗಿಯೂ ಇದೆ. ಉತ್ತರಧ್ರುವದ ಬಳಿಯ ಸ್ವಾಲ್‌ಬಾರ್ಡ್‌ನಲ್ಲಿ 2008ರಲ್ಲಿ ಜಗತ್ತಿನ ಬೀಜಗಳಿಗೆ ಒಂದು ನೆಲಮಾಳಿಗೆ ತೆರೆದರು. ಸಿರಿಯಾದ ಯುದ್ಧದಿಂದ ಅಲೆಪ್ಪೋದ ಬೀಜಭಂಡಾರ ಕೈಗೆಟುಕದಂತಾದಾಗ, 2015ರಲ್ಲಿ, ಅಲ್ಲಿಂದಲೇ ಬೀಜವನ್ನು ಮರಳಿ ತಂದು ಬಿತ್ತಿದರು. ಅಜ್ಜಿಯ ಮಾತಿನಂತೆ, ಇನ್ನೊಂದು ಮನೆಯಲ್ಲಿ ಕಡ ಸಿಕ್ಕಿತು.

ವಾವಿಲೋವ್ ನಿರಪರಾಧಿಯೆಂದು ಸರ್ಕಾರ 1955ರಲ್ಲಿ ಒಪ್ಪಿಕೊಂಡಿತು. ಆ ಸಂಸ್ಥೆ ಇಂದು ಅವರ ಹೆಸರಿನಲ್ಲೇ ಇದೆ, ಬೀಜಗಳೂ ಇವೆ.

ನಮ್ಮ ಮನೆಯ ತಾರಸಿಯಲ್ಲಿ ಈಗ ಒಂದು ಹೀರೆಬಳ್ಳಿಯಿದೆ. ಅದರಲ್ಲಿ ಒಂದು ಕಾಯನ್ನು ಬೀಜಕ್ಕೆಂದು ಒಣಗಲು ಬಿಟ್ಟಿದ್ದೇನೆ. ನೋಡಿದವರು, “ಎಳೆಯದಿದ್ದಾಗಲೇ ಕೊಯ್ಯಬಾರದಿತ್ತೆ?” ಎನ್ನುತ್ತಾರೆ. ‘ಅದು ನಮ್ಮದಲ್ಲ’ ಎನ್ನಬೇಕೆಂದು ನಾಲಿಗೆಯ ತುದಿಗೆ ಬರುತ್ತದೆ. ಆದರೆ ಅಷ್ಟು ದೊಡ್ಡ ಮಾತನ್ನಾಡುವಷ್ಟು ಹಸಿವನ್ನು ನಾನು ಕಂಡವನಲ್ಲ. ಸುಮ್ಮನಿರುತ್ತೇನೆ.